ಟೈಮಿಂಗ್ ಬೆಲ್ಟ್ ಹಾಕಿಸಿದ ಮೇಲೆ ಕಾರು ಸ್ಟಾರ್ಟ್ ಆಗದಿದ್ದರೆ...

ಝರಾಸಂಗಂ: ಹಳೆಯ ಕಾರೊಂದರ ಟೈಮಿಂಗ್ ಬೆಲ್ಟ್ ಬದಲಾಯಿಸಲಾಗಿದೆ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಲಾಗಿದೆ. ಚಾವಿ ತಿರುವಿದರೆ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಹತ್ತಾರು ಸಲ ಸೆಲ್ಫ್ ಹೊಡೆದ ಮೇಲೆ ಬ್ಯಾಟರಿ ಇಳಿಯುತ್ತದೆ. ಆಗ ಅಕ್ಕಪಕ್ಕದವರು ನಾಲ್ಕು ಮಂದಿ ಬಂದು ದೂಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಗೇರಿಗೆ ಹಾಕಿ ಎಳೆಯುತ್ತಾರೆ.

ಬ್ಯಾಟರಿ ಇಳಿದ ಗಾಡಿಗೆ ಈ ಉಪಾಯ ನಡೆಯುತ್ತದೆ. ಆದರೆ ಟೈಮಿಂಗ್ ಕೆಲಸ ಮುಗಿಸಿದ ಕೂಡಲೇ ಸ್ಟಾರ್ಟ್ ಆಗದ ಗಾಡಿಯನ್ನು ದೂಡುವುದಾಗಲಿ ಎಳೆಯುವುದಾಗಲಿ ಮಾಡಲೇಬಾರದು. ಬೆಲ್ಟ್ ತಪ್ಪಿ ಕೂತಿದ್ದರೆ ಸೆಲ್ಫಿನಿಂದ ಆಗದಿದ್ದ ಹಾನಿ ಎಳೆಯುವ ಹೊತ್ತಿಗೆ ಆಗಿ ಹೋಗುತ್ತದೆ. ಬೆಲ್ಟ್ ಬಿಚ್ಚಿ ಮತ್ತೆ ಹಾಕಿದರೆ ಸರಿಹೋಗಬಹುದಾಗಿದ್ದ ಕೆಲಸ ಹೆಡ್ ಇಳಿಸುವವರೆಗೆ ಹೋಗುತ್ತದೆ.

ನಮ್ಮ ಭಾಗದಲ್ಲಿ ಇದು ಸಣ್ಣ ವಿಷಯವಲ್ಲ. ಝರಾಸಂಗಂನ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಬೀದರ ಕಡೆಯಿಂದ ಬರುವ ಭಕ್ತರಿಗೆ ಬಾಡಿಗೆ ಓಡಿಸುವವರು, ರಾತ್ರಿ ವೇಳೆ ರೋಗಿಯನ್ನು ಜಹೀರಾಬಾದಿಗೋ ಬೀದರಿಗೋ ಒಯ್ಯುವವರು, ಹೊಲಕ್ಕೆ ಗೊಬ್ಬರ ತರುವವರು, ಎಲ್ಲರ ಮನೆ ಮುಂದೆಯೂ ನಿಂತಿರುವುದು ಹೆಚ್ಚಾಗಿ ಹಳೆಯ ಗಾಡಿಗಳೇ. ಮಾರುತಿ 800 ತಯಾರಿಕೆ 2014ರಲ್ಲಿ, ಟಾಟಾ ಇಂಡಿಕಾ 2018ರಲ್ಲಿ ನಿಂತಿತು. ಆದರೂ ಹಳ್ಳಿಗಳ ಮಟ್ಟಿಗೆ ಅವು ಇನ್ನೂ ನಿವೃತ್ತಿಯಾಗಿಲ್ಲ. ಇವೆರಡರಲ್ಲೂ, ಹಳೆಯ ಸ್ಯಾಂಟ್ರೊದಲ್ಲೂ ಇರುವುದು ರಬ್ಬರಿನ ಟೈಮಿಂಗ್ ಬೆಲ್ಟ್. ಮಹಾಶಿವರಾತ್ರಿ ಜಾತ್ರೆಯ ಹೊತ್ತಿಗೆ ಗಾಡಿ ಗ್ಯಾರೇಜಿನಲ್ಲಿ ಕೂತರೆ ಬಾಡಿಗೆಯವನ ವರ್ಷದ ಲೆಕ್ಕವೇ ತಪ್ಪುತ್ತದೆ.

ಟೈಮಿಂಗ್ ಎಂದರೇನು?

ಎಂಜಿನ್ನಿನ ಕೆಳಗಡೆ ಪಿಸ್ಟನ್‌ಗಳನ್ನು ಏರಿಳಿಸುವ ಕ್ರ್ಯಾಂಕ್ ಇದೆ. ಮೇಲೆ ಹೆಡ್‌ನಲ್ಲಿ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್ ಇದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಸರಿಯಾಗಿ ಒಂದೇ ಸುತ್ತು ತಿರುಗಬೇಕು. ಅದಕ್ಕೇ ಕ್ಯಾಮ್‌ನ ಹಲ್ಲುಚಕ್ರದಲ್ಲಿ ಕ್ರ್ಯಾಂಕ್‌ನ ಚಕ್ರಕ್ಕಿಂತ ದುಪ್ಪಟ್ಟು ಹಲ್ಲುಗಳಿರುತ್ತವೆ. ಇವೆರಡನ್ನೂ ಕಟ್ಟಿಹಾಕಿರುವುದೇ ಹಲ್ಲಿನ ಬೆಲ್ಟ್ ಅಥವಾ ಚೈನು. ಮಾಮೂಲು ಕಾರುಗಳಿಗೆ ಹಲ್ಲಿನ ರಬ್ಬರ್ ಬೆಲ್ಟ್ ಬಂದದ್ದು 1962ರ ಸುಮಾರಿಗೆ, ಜರ್ಮನಿಯ ಗ್ಲಾಸ್ ಎಂಬ ಕಂಪೆನಿಯ 1004 ಕಾರಿನಿಂದ. ಅಗ್ಗ, ಸದ್ದಿಲ್ಲ, ಎಣ್ಣೆ ಬೇಡ ಎಂಬ ಕಾರಣಕ್ಕೆ ಅದು ಜಗತ್ತಿಗೆಲ್ಲ ಹರಡಿತು. ಅವಧಿಗೆ ಸರಿಯಾಗಿ ಬದಲಾಯಿಸಬೇಕು ಎಂಬುದೊಂದೇ ಅದರ ದೋಷ.

ಜಹೀರಾಬಾದ್ ಟ್ರ್ಯಾಕ್ಟರ್ ತಯಾರಾಗುವ ಊರು. ಇಲ್ಲಿಯ ಎಷ್ಟೋ ಮಿಸ್ತ್ರಿಗಳು ಕೈ ಪಳಗಿಸಿಕೊಂಡದ್ದು ಟ್ರ್ಯಾಕ್ಟರ್ ಎಂಜಿನ್ ಮೇಲೆ. ಅಲ್ಲಿ ಬೆಲ್ಟಿನ ಬದಲು ಗೇರಿಗೆ ಗೇರು ಕೂತಿರುತ್ತದೆ. ಗುರುತು ಒಮ್ಮೆ ಕೂಡಿಸಿದರೆ ಜಾರುವ ಮಾತಿಲ್ಲ. ಕಾರಿನ ಬೆಲ್ಟು ಹಾಗಲ್ಲ. ಗುರುತು ಸರಿಯಾಗಿ ಹಿಡಿದು ಕೂಡಿಸಿದರೂ ಟೆನ್ಶನರ್ ಬಿಗಿ ಮಾಡುವಾಗ ಒಂದು ಹಲ್ಲು ಸರಿದುಬಿಡಬಹುದು.

ಒಂದು ಹಲ್ಲು ಎಂದರೆ ಎಷ್ಟು? ಕ್ರ್ಯಾಂಕ್ ಚಕ್ರಕ್ಕೆ 20 ಹಲ್ಲು ಇದೆ ಎಂದಿಟ್ಟುಕೊಳ್ಳಿ. ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ತಪ್ಪಿದಂತೆ. ಸಾಮಾನ್ಯವಾಗಿ ಇಷ್ಟಕ್ಕೆ ಎಂಜಿನ್ ಹೇಗೋ ಸ್ಟಾರ್ಟ್ ಆಗುತ್ತದೆ, ಆದರೆ ಎಳೆತ ಇರುವುದಿಲ್ಲ, ಸ್ಲೋ ನಿಲ್ಲುವುದಿಲ್ಲ. ಎರಡು ಮೂರು ಹಲ್ಲು ತಪ್ಪಿದರೆ ಸ್ಟಾರ್ಟ್ ಆಗುವುದೇ ಕಷ್ಟ. ಅದಕ್ಕೂ ಹೆಚ್ಚಾದರೆ ಅನೇಕ ಎಂಜಿನ್‌ಗಳಲ್ಲಿ ತೆರೆದ ವಾಲ್ವಿಗೆ ಮೇಲೇರುವ ಪಿಸ್ಟನ್ ಬಡಿಯುತ್ತದೆ. ವಾಲ್ವೂ ಪಿಸ್ಟನ್ನೂ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸುವಂತೆ ಕಟ್ಟಿದ ಎಂಜಿನ್‌ಗಳಿವು. ಡೀಸೆಲ್ ಎಂಜಿನ್‌ಗಳು ಬಹುಪಾಲು ಈ ಜಾತಿಯವೇ. ಕಲಾ ವಿಭಾಗದಲ್ಲಿ ಓದಿದ ನನ್ನಂಥವರಿಗೆ ಒಗ್ಗುವ ಹೋಲಿಕೆ ಬೇಕೆಂದರೆ, ಒಂದೇ ಬಾಗಿಲಲ್ಲಿ ಇಬ್ಬರು ಪಾಳಿ ತಪ್ಪಿಸಿ ಓಡಾಡಿದಂತೆ. ಪಾಳಿ ತಪ್ಪಿದರೆ ತಲೆಗೆ ತಲೆ ಡಿಕ್ಕಿ.

ಮೊದಲು ಕಿವಿ, ಆಮೇಲೆ ಪಾನಾ

ಸ್ಟಾರ್ಟ್ ಆಗಲಿಲ್ಲ ಎಂದ ಕೂಡಲೇ ಸ್ಕ್ಯಾನರ್ ತರಬೇಕಿಲ್ಲ. ಐದು ಸೆಕೆಂಡಿನಷ್ಟು ಒಂದೇ ಒಂದು ಸಲ ಸೆಲ್ಫ್ ಹೊಡೆದು ಸದ್ದು ಕೇಳಬೇಕು. ಸರಿಯಿರುವ ಎಂಜಿನ್ನಿನ ಸದ್ದಿಗೆ ಒಂದು ಲಯ ಇರುತ್ತದೆ, ಪ್ರತಿ ಸಿಲಿಂಡರ್ ಗಾಳಿ ಒತ್ತುವಾಗಲೂ ಸೆಲ್ಫ್ ಸ್ವಲ್ಪ ತಿಣುಕುತ್ತದೆ. ಆ ತಿಣುಕು ಇಲ್ಲದೆ ಹೊಲಿಗೆ ಯಂತ್ರದ ಹಾಗೆ ಸರ್ರನೆ ಹಗುರವಾಗಿ ತಿರುಗಿದರೆ ಒಳಗೆ ಕಂಪ್ರೆಶನ್ ಇಲ್ಲ ಎಂದರ್ಥ. ಒಂದೋ ಟೈಮಿಂಗ್ ಬಹಳ ತಪ್ಪಿದೆ, ಇಲ್ಲವೇ ವಾಲ್ವ್‌ಗಳು ಬಾಗಿವೆ. ಮೂರು ಸಲ ತಿಣುಕಿ ಒಮ್ಮೆ ಹಗುರಾದರೆ ಒಂದು ಸಿಲಿಂಡರ್ ಹೋಗಿದೆ. ತಿರುಗುತ್ತಾ ತಿರುಗುತ್ತಾ ಲೋಹಕ್ಕೆ ಲೋಹ ತಾಗಿದ ಸದ್ದಿನೊಂದಿಗೆ ಗಕ್ಕನೆ ನಿಂತರೆ ಚಾವಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳುವುದೇ ಉತ್ತಮ.

ಏರ್ ಫಿಲ್ಟರ್ ಕಡೆಯಿಂದ ಅಥವಾ ಸೈಲೆನ್ಸರಿನಿಂದ ಪಟಾಕಿಯಂತೆ 'ಪಟ್ ಪಟ್' ಎಂದರೆ ಕಿಡಿಯೂ ಪೆಟ್ರೋಲೂ ಬರುತ್ತಿವೆ, ಬರುವ ಹೊತ್ತು ತಪ್ಪಿದೆ. ಬರೀ 'ಟಕ್' ಎಂದು ಸುಮ್ಮನಾದರೆ ಟೈಮಿಂಗ್ ಮೇಲೆ ಅನುಮಾನ ಬೇಡ. ಗಾಡಿ ಎರಡು ದಿನ ಬಾಗಿಲು ತೆರೆದು ನಿಂತು ಬ್ಯಾಟರಿ ಇಳಿದಿರಬಹುದು. ಎಂಜಿನ್ ಮೌಂಟಿಂಗ್ ಬಿಚ್ಚುವಾಗ ತೆಗೆದ ಅರ್ಥಿಂಗ್ ವೈರನ್ನು ಮತ್ತೆ ಕಟ್ಟದೆ ಬಿಟ್ಟಿರಲೂಬಹುದು. ಬೆಲ್ಟ್ ಕೆಲಸದಲ್ಲಿ ಮರೆತುಹೋಗುವ ವಸ್ತುಗಳಲ್ಲಿ ಈ ವೈರಿಗೆ ಮೊದಲ ಸ್ಥಾನ.

ಕೈಯಿಂದ ಎರಡು ಸುತ್ತು

ಸದ್ದು ಅನುಮಾನ ಹುಟ್ಟಿಸಿದರೆ ಮುಂದಿನ ಕೆಲಸ ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡುವುದು. ಅಸಲಿಗೆ ಇದನ್ನು ಬೆಲ್ಟ್ ಹಾಕಿದ ಕೂಡಲೇ, ಸೆಲ್ಫ್ ಹೊಡೆಯುವ ಮುಂಚೆಯೇ ಮಾಡಬೇಕು. ಹೆಚ್ಚಿನ ಅನಾಹುತಗಳು ಆಗುವುದು ಈ ಹತ್ತು ನಿಮಿಷ ಉಳಿಸಲು ಹೋಗಿ.

ಬ್ಯಾಟರಿಯ ನೆಗೆಟಿವ್ ವೈರು ತೆಗೆಯಿರಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಪ್ಲಗ್‌ಗಳನ್ನು ಬಿಚ್ಚಿದರೆ ಎಂಜಿನ್ ಹಗುರವಾಗಿ ತಿರುಗುತ್ತದೆ. ಡೀಸೆಲ್ ಆದರೆ ಗ್ಲೋ ಪ್ಲಗ್ ಬಿಚ್ಚಬಹುದು. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಿ. ಬಹುತೇಕ ಎಂಜಿನ್‌ಗಳು ಪುಲ್ಲಿಯ ಎದುರು ನಿಂತು ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗುತ್ತವೆ. ಕೆಲವು ಹಳೆಯ ಹೋಂಡಾ ಎಂಜಿನ್‌ಗಳು ಮಾತ್ರ ಉಲ್ಟಾ. ಪ್ಲಗ್ ಬಿಚ್ಚದೆ ತಿರುಗಿಸಿದರೆ ಕಂಪ್ರೆಶನ್ನಿನ ತಡೆ ಸಿಗುತ್ತದೆ, ಅದು ಗಾಳಿ ತುಂಬಿದ ಟ್ಯೂಬ್ ಒತ್ತಿದಂತೆ ಮೆತ್ತಗಿರುತ್ತದೆ. ಕಲ್ಲಿಗೆ ತಾಗಿದಂತೆ ಗಟ್ಟಿಯಾಗಿ ನಿಂತರೆ ಅಲ್ಲಿಗೇ ನಿಲ್ಲಿಸಿ. ಪಾನಾಕ್ಕೆ ಪೈಪು ಸಿಕ್ಕಿಸಿ ಬಲ ಹಾಕಬಾರದು. ಅಲ್ಲಿ ತಾಗಿರುವುದು ಪಿಸ್ಟನ್ ಮತ್ತು ವಾಲ್ವ್.

ಎರಡು ಸುತ್ತಿನ ನಂತರ ಕ್ರ್ಯಾಂಕಿನ ಗುರುತು, ಕ್ಯಾಮಿನ ಗುರುತು ಎರಡೂ ತಮ್ಮ ತಮ್ಮ ಜಾಗಕ್ಕೆ ಮರಳಿರಬೇಕು. ಕಂಪೆನಿಯ ಕೆಲವು ಬೆಲ್ಟ್‌ಗಳ ಮೇಲೆ ಬಿಳಿ ಗೆರೆಗಳು ಇರುತ್ತವೆ. ಅವು ಹಾಕುವಾಗ ಮಾತ್ರ ಗುರುತಿಗೆ ಕೂಡುತ್ತವೆ, ತಿರುಗಿಸಿದ ಮೇಲೆ ಕೂಡುವುದಿಲ್ಲ. ಗೆರೆ ತಪ್ಪಿತೆಂದು ಸರಿಯಿದ್ದ ಬೆಲ್ಟನ್ನು ಬಿಚ್ಚಿ ಕೆಡಿಸಿಕೊಳ್ಳುವುದು ಬೇಡ. ಚಕ್ರದ ಮೇಲಿನ ಗುರುತನ್ನಷ್ಟೇ ನಂಬಬೇಕು.

ಗುರುತುಗಳೂ ಮೋಸ ಮಾಡುವುದುಂಟು. ಹೊರಗಿನ ಪುಲ್ಲಿಯ ಗುರುತು ಬೇರೆ, ಒಳಗಿನ ಹಲ್ಲುಚಕ್ರದ ಗುರುತು ಬೇರೆ. ಬೆಲ್ಟ್ ಹಾಕಲು ನೋಡಬೇಕಾದ್ದು ಒಳಗಿನದನ್ನು. ಕ್ರ್ಯಾಂಕ್ ಚಕ್ರವನ್ನು ಹಿಡಿದಿಡುವ ಸಣ್ಣ ಕೀ ಕತ್ತರಿಸಿದ್ದರೆ, ಅಥವಾ ಪುಲ್ಲಿಯ ಬೋಲ್ಟ್ ಸಡಿಲಾಗಿ ಕೀ ಜಾಗ ಸವೆದಿದ್ದರೆ ಗುರುತು ಸರಿಯಾಗೇ ಕಾಣುತ್ತದೆ, ಕ್ರ್ಯಾಂಕ್ ಮಾತ್ರ ಬೇರೆಲ್ಲೋ ಇರುತ್ತದೆ. ಎಷ್ಟು ಸಲ ಬೆಲ್ಟ್ ಹಾಕಿದರೂ ಸ್ಟಾರ್ಟ್ ಆಗದ ಗಾಡಿಯಲ್ಲಿ ಇದನ್ನು ನೋಡಲೇಬೇಕು. ಮೊದಲನೇ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಉದ್ದನೆಯ ಪ್ಲಾಸ್ಟಿಕ್ ಸ್ಟ್ರಾ ಇಳಿಬಿಟ್ಟು ತಿರುಗಿಸಿದರೆ ಪಿಸ್ಟನ್ ಮೇಲೆ ಬಂದದ್ದು ಕೈಗೇ ತಿಳಿಯುತ್ತದೆ. ಅದು ಪೂರ್ತಿ ಮೇಲಿರುವಾಗ ಕ್ರ್ಯಾಂಕ್ ಗುರುತು ಕೂಡದಿದ್ದರೆ ಕೀ ಹೋಗಿದೆ ಎಂದೇ ತಿಳಿಯಬಹುದು. ಪೊರಕೆ ಕಡ್ಡಿ ಮಾತ್ರ ಹಾಕಬೇಡಿ. ಅದು ಒಳಗೇ ಮುರಿದರೆ ತೆಗೆಯಲು ಇನ್ನೊಂದು ದಿನ.

ಬೆಲ್ಟಿನ ಸಡಿಲು ಯಾವ ಕಡೆ ಇದೆ ಎಂಬುದೂ ಮುಖ್ಯ. ಟೆನ್ಶನರ್ ಇಲ್ಲದ ಬದಿ ಬಿಗಿಯಾಗಿರಬೇಕು, ಸಡಿಲೆಲ್ಲ ಟೆನ್ಶನರ್ ಬದಿಗೆ ಬರಬೇಕು. ಇದು ಅದಲುಬದಲಾದರೆ ಟೆನ್ಶನರ್ ಬಿಟ್ಟ ಕ್ಷಣದಲ್ಲೇ ಗುರುತು ಒಂದು ಹಲ್ಲು ಸರಿಯುತ್ತದೆ.

ಗುರುತು ಸರಿಯಿದ್ದರೂ ಹಿಡಿಯದಿದ್ದರೆ

ಆಗ ಬೆಲ್ಟನ್ನು ಬಿಟ್ಟು, ಬೆಲ್ಟ್ ಹಾಕಲು ಏನೇನು ಬಿಚ್ಚಲಾಗಿತ್ತು ಎಂಬುದನ್ನು ನೆನಪು ಮಾಡಿಕೊಳ್ಳಬೇಕು. ಕಾರ್ಬೊರೇಟರ್ ಇರುವ ಹಳೆಯ ಮಾರುತಿ 800ರಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಮಿನಿಂದಲೇ ತಿರುಗುತ್ತದೆ. ಅದನ್ನು ಹೊರತೆಗೆದಿದ್ದರೆ ಅರ್ಧ ಸುತ್ತು ತಪ್ಪಿ ಕೂತಿರಬಹುದು. ಪಿಸ್ಟನ್ ಮೇಲೆ ಬರುವುದು ಎರಡು ಸಲ, ಒಮ್ಮೆ ಗಾಳಿ ಒತ್ತುವಾಗ, ಇನ್ನೊಮ್ಮೆ ಹೊಗೆ ಹೊರಹಾಕುವಾಗ. ಎರಡನ್ನೂ ಮಿಸ್ತ್ರಿಗಳು 'ಟಾಪ್' ಎಂದೇ ಕರೆಯುವುದರಿಂದ ಗೊಂದಲ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಇನ್ನೊಬ್ಬರಿಂದ ಕೈಯಿಂದಲೇ ತಿರುಗಿಸಿದರೆ ಗಾಳಿ ಬೆರಳನ್ನು ದೂಡುತ್ತದೆ. ಅದು ಕಂಪ್ರೆಶನ್ನಿನ ಟಾಪ್. ರೋಟರ್ ಆಗ ಒಂದನೇ ಪ್ಲಗ್ಗಿನ ವೈರಿನ ಕಡೆ ಮುಖ ಮಾಡಿರಬೇಕು. ಮೂರು ಸಿಲಿಂಡರಿನ 800ರಲ್ಲಿ ಕಿಡಿಯ ಸರದಿ 1-3-2. ನಾಲ್ಕು ಸಿಲಿಂಡರಿನ ಕಾರುಗಳಲ್ಲಿ ಸಾಮಾನ್ಯವಾಗಿ 1-3-4-2.

ಇಂಜೆಕ್ಷನ್ ಬಂದ ಮೇಲಿನ ಪೆಟ್ರೋಲ್ ಕಾರುಗಳಲ್ಲಿ ಕಿಡಿಯ ಹೊತ್ತನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಅದಕ್ಕೆ ಸುದ್ದಿ ಮುಟ್ಟಿಸುವುದು ಕ್ರ್ಯಾಂಕ್ ಸೆನ್ಸರ್ ಮತ್ತು ಕ್ಯಾಮ್ ಸೆನ್ಸರ್. ಇವುಗಳ ವೈರು ಬೆಲ್ಟ್ ಕವರಿನಡಿ ಸಿಕ್ಕಿ ಜಜ್ಜಿಹೋಗುವುದು, ಕನೆಕ್ಟರ್ ಸಿಕ್ಕಿಸಲು ಮರೆಯುವುದು ಬಹಳ ಸಾಮಾನ್ಯ. ಸ್ಕ್ಯಾನರ್ ಹಚ್ಚಿ ಸೆಲ್ಫ್ ಹೊಡೆದಾಗ ಆರ್‌ಪಿಎಂ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಕಡೆ ನೋಡಿ. ಪಿ 0335 ಎಂಬ ಕೋಡ್ ಬಂದರೆ ಕ್ರ್ಯಾಂಕ್ ಸೆನ್ಸರ್, ಪಿ 0340 ಬಂದರೆ ಕ್ಯಾಮ್ ಸೆನ್ಸರ್. ಪಿ 0016 ಬಂದರೆ ಎರಡೂ ಸೆನ್ಸರ್ ಮಾತಾಡುತ್ತಿವೆ, ಆದರೆ ಒಂದರ ಮಾತು ಇನ್ನೊಂದಕ್ಕೆ ತಾಳೆಯಾಗುತ್ತಿಲ್ಲ. ಟೈಮಿಂಗ್ ಕೆಲಸದ ನಂತರ ಇದು ಬಂದರೆ ಸೆನ್ಸರ್ ಕೊಳ್ಳಲು ಓಡಬೇಡಿ, ಬೆಲ್ಟಿಗೇ ಮರಳಿ.

ಪ್ಲಗ್ ಬಿಚ್ಚಿದಾಗ ಪೆಟ್ರೋಲಿನಿಂದ ತೊಯ್ದಿದ್ದರೆ ಹತ್ತಾರು ಸಲ ಸೆಲ್ಫ್ ಹೊಡೆದದ್ದರ ಫಲ ಅದು. ಒರೆಸಿ ಒಣಗಿಸಿ ಹಾಕಬೇಕು. ಪ್ಲಗ್ ತೂತುಗಳಿಂದ ಪೆಟ್ರೋಲ್ ಆವಿ ಬರುತ್ತಿರುವಾಗ ಪಕ್ಕದಲ್ಲೇ ಕಿಡಿ ಪರೀಕ್ಷಿಸುವ ಅಭ್ಯಾಸ ಒಳ್ಳೆಯದಲ್ಲ, ಬೀಡಿಯಂತೂ ದೂರವೇ ಇರಲಿ.

ಡೀಸೆಲ್ ಗಾಡಿಯ ಕಥೆ ಬೇರೆ

ಇಂಡಿಕಾದಂಥ ಹಳೆಯ ಡೀಸೆಲ್ ಕಾರಿನಲ್ಲಿ ಅದೇ ಬೆಲ್ಟ್ ಡೀಸೆಲ್ ಪಂಪನ್ನೂ ತಿರುಗಿಸುತ್ತದೆ. ಹಾಗಾಗಿ ಅಲ್ಲಿ ಕೂಡಬೇಕಾದ ಗುರುತು ಎರಡಲ್ಲ, ಮೂರು. ಕ್ರ್ಯಾಂಕ್, ಕ್ಯಾಮ್ ಸರಿಯಿದ್ದು ಪಂಪ್ ಮಾತ್ರ ತಪ್ಪಿದ್ದರೆ ಕಂಪ್ರೆಶನ್ ಚೆನ್ನಾಗಿರುತ್ತದೆ, ಸೆಲ್ಫಿನ ಸದ್ದೂ ಸರಿಯಿರುತ್ತದೆ, ಗಾಡಿ ಮಾತ್ರ ಹಿಡಿಯುವುದಿಲ್ಲ. ಇಲ್ಲಿ ಸೈಲೆನ್ಸರ್ ನೋಡಬೇಕು. ಸೆಲ್ಫ್ ಹೊಡೆಯುವಾಗ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಪಂಪಿನ ಟೈಮಿಂಗ್, ಗ್ಲೋ ಪ್ಲಗ್ ಅಥವಾ ಕಂಪ್ರೆಶನ್ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಲೈನಿನಲ್ಲಿ ಗಾಳಿ ಸೇರಿರಬಹುದು, ಅಥವಾ ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡ್ ವೈರು ಬಿಟ್ಟುಹೋಗಿರಬಹುದು.

ಸ್ವಿಫ್ಟ್, ಡಿಜೈರ್, ರಿಟ್ಜ್ ಕಾರುಗಳಲ್ಲಿ ಬಂದ 1.3 ಲೀಟರಿನ ಫಿಯೆಟ್ ಮೂಲದ ಡೀಸೆಲ್ ಎಂಜಿನ್ ಇನ್ನೊಂದು ತಲೆನೋವು. ಮಾರುತಿ ಇದನ್ನು 2020ರಲ್ಲಿ ನಿಲ್ಲಿಸಿದೆ, ಆದರೆ ಬಾಡಿಗೆ ಗಾಡಿಗಳಲ್ಲಿ ಅದು ಹೇರಳ. ಇದರಲ್ಲಿ ಬೆಲ್ಟ್ ಇಲ್ಲ, ಚೈನಿದೆ. ಕ್ಯಾಮ್‌ಗಳನ್ನೂ ಫ್ಲೈವೀಲನ್ನೂ ಪಿನ್ ಹಾಕಿ ಕಟ್ಟಿಹಾಕುವ ವಿಶೇಷ ಟೂಲ್ ಇಟ್ಟುಕೊಂಡೇ ಚೈನ್ ಹಾಕಬೇಕು. ಟೂಲ್ ಇಲ್ಲದೆ ಪೇಂಟಿನ ಚುಕ್ಕಿ ಇಟ್ಟು ಅಂದಾಜಿನ ಮೇಲೆ ಮಾಡುವವರಿದ್ದಾರೆ. ಹಳೆಯ ಚೈನ್ ಸರಿಯಾಗಿ ಕೂತಿದ್ದಾಗ ಚುಕ್ಕಿ ಇಟ್ಟಿದ್ದರೆ ಅದು ನಡೆದೀತು. ಚೈನ್ ಜಾರಿದ ಮೇಲೆ ಅಥವಾ ಕಡಿದ ಮೇಲೆ ಇಟ್ಟ ಚುಕ್ಕಿಗೆ ಯಾವ ಬೆಲೆಯೂ ಇಲ್ಲ. ಈ ಎಂಜಿನ್ನಿನಲ್ಲಿ ಪಿಸ್ಟನ್ ಬಡಿದರೆ ಹಲವು ಸಲ ವಾಲ್ವಿಗಿಂತ ಮೊದಲು ಅದರ ಮೇಲಿನ ರಾಕರ್ ಮುರಿಯುತ್ತದೆ. ಆದ್ದರಿಂದ ಹೆಡ್ ಇಳಿಸುವ ಮುಂಚೆ ಮೇಲಿನ ಕವರ್ ತೆಗೆಸಿ ರಾಕರ್ ನೋಡಿಸುವುದು ಲಾಭ.

ವಾಲ್ವ್ ಬಾಗಿದೆಯೋ ಇಲ್ಲವೋ?

ಇದನ್ನು ಬಾಯಿಮಾತಿನಲ್ಲಿ ಒಪ್ಪಬಾರದು, ಗೇಜ್ ಹಾಕಿಸಿ ನೋಡಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಎಲ್ಲ ಪ್ಲಗ್ ತೆಗೆದು, ಕಿಡಿ ಮತ್ತು ಇಂಧನ ಬರದಂತೆ ಕನೆಕ್ಷನ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದಾಗ ಸಾಮಾನ್ಯವಾಗಿ 150ರಿಂದ 190 ಪಿಎಸ್‌ಐ ಆಸುಪಾಸು ಬರುತ್ತದೆ. ಡೀಸೆಲ್‌ಗೆ ಬೇರೆಯೇ ಗೇಜ್ ಬೇಕು, ಅಲ್ಲಿ 350ಕ್ಕಿಂತ ಮೇಲಿರಬೇಕು. ಎಲ್ಲ ಸಿಲಿಂಡರ್‌ಗಳೂ ಒಂದೇ ಸಮನಾಗಿ ಕಡಿಮೆ ತೋರಿಸಿದರೆ ಅನುಮಾನ ಟೈಮಿಂಗ್ ಮೇಲೆ. ಒಂದೆರಡು ಮಾತ್ರ ಸೊನ್ನೆಗೆ ಹತ್ತಿರವಿದ್ದರೆ ವಾಲ್ವ್ ಬಾಗಿದೆ.

ಗೇಜ್ ಇಲ್ಲದಿದ್ದರೂ ಉಪಾಯವಿದೆ. ಹೆದ್ದಾರಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು. ಸಿಲಿಂಡರನ್ನು ಕಂಪ್ರೆಶನ್ನಿನ ಟಾಪಿಗೆ ತಂದು ಪ್ಲಗ್ ತೂತಿನಿಂದ ಗಾಳಿ ಬಿಡಬೇಕು. ಕಾರ್ಬೊರೇಟರ್ ಅಥವಾ ಏರ್ ಫಿಲ್ಟರ್ ಕಡೆ 'ಸುಸ್' ಎಂದರೆ ಒಳಬರುವ ವಾಲ್ವ್ ಹೋಗಿದೆ. ಸೈಲೆನ್ಸರ್ ಕಡೆ ಬಂದರೆ ಹೊರಹೋಗುವ ವಾಲ್ವ್. ಎಣ್ಣೆ ಹಾಕುವ ಮುಚ್ಚಳದಲ್ಲಿ ಜೋರಾಗಿ ಬಂದರೆ ರಿಂಗು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಗಾಳಿ ಬಿಡುವ ಮೊದಲು ಪಾನಾ ಪುಲ್ಲಿಯ ಮೇಲಿಲ್ಲ ಎಂಬುದನ್ನು ನೋಡಿಕೊಳ್ಳಿ. ಪಿಸ್ಟನ್ ಸರಿಯಾಗಿ ಟಾಪಿನಲ್ಲಿ ಇರದಿದ್ದರೆ ಎಂಜಿನ್ ತಿರುಗಿ ಪಾನಾ ಹಾರುತ್ತದೆ.

ಖರ್ಚು ಯಾರದು?

ಜಗಳ ಹುಟ್ಟುವುದು ಇಲ್ಲಿ. ದಾರಿಯಲ್ಲಿ ಓಡುತ್ತಿರುವಾಗಲೇ ಬೆಲ್ಟ್ ಕಡಿದಿದ್ದರೆ ವಾಲ್ವ್‌ಗಳು ಆಗಲೇ ಬಾಗಿರುವ ಸಾಧ್ಯತೆ ಹೆಚ್ಚು. ಅಂಥ ಗಾಡಿಗೆ ಹೊಸ ಬೆಲ್ಟ್ ಹಾಕಿ ಸ್ಟಾರ್ಟ್ ಆಗಲಿಲ್ಲವೆಂದು ಮಿಸ್ತ್ರಿಯನ್ನು ದೂರುವುದು ನ್ಯಾಯವಲ್ಲ. ಆದರೆ ಸ್ಟಾರ್ಟ್ ಆಗುತ್ತಿದ್ದ ಗಾಡಿಯನ್ನು ಅವಧಿ ಮುಗಿಯಿತೆಂದು ಬೆಲ್ಟ್ ಬದಲಿಸಲು ಬಿಟ್ಟಿದ್ದರೆ, ಅದು ಸ್ಟಾರ್ಟ್ ಆಗದೆ ವಾಪಸು ಬಂದರೆ ಮಾತು ಬೇರೆ. ಬೆಲ್ಟ್ ಕಡಿದ ಗಾಡಿಯ ವಿಷಯದಲ್ಲೂ 'ವಾಲ್ವ್ ಬಾಗಿರಬಹುದು, ಮೊದಲು ನೋಡೋಣ' ಎಂದು ಕೆಲಸಕ್ಕೆ ಮುಂಚೆಯೇ ಹೇಳಬೇಕಾದದ್ದು ಗ್ಯಾರೇಜಿನವರೇ. 'ಬರೀ ಬೆಲ್ಟ್ ಹಾಕು, ಉಳಿದದ್ದು ಬೇಡ' ಎಂದು ಗಡಿಬಿಡಿ ಮಾಡುವ ಮಾಲೀಕರೂ ಕಡಿಮೆಯಿಲ್ಲ ಎಂಬುದನ್ನೂ ಹೇಳಲೇಬೇಕು.

ಆದ್ದರಿಂದ ಹಳೆಯ ಬೆಲ್ಟ್, ಟೆನ್ಶನರ್ ಕೇಳಿ ಇಸಿದುಕೊಳ್ಳಿ. ಕೆಲಸದ ಬಿಲ್ ಬರೆಸಿಕೊಳ್ಳಿ, ಅದರಲ್ಲಿ ದಿನಾಂಕ ಮತ್ತು ಕಿಲೋಮೀಟರ್ ಇರಲಿ. ಹಣ ಕೊಟ್ಟು ಮಾಡಿಸಿದ ರಿಪೇರಿ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಸೇವೆಯೇ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಗಡಿಯವರಿಗೆ ಒಂದು ಅನುಕೂಲವಿದೆ. ಬೀದರಿನಲ್ಲಿ ರಿಪೇರಿ ಮಾಡಿಸಿದ್ದರೂ ದೂರುದಾರ ಝರಾಸಂಗಂ ನಿವಾಸಿಯಾಗಿದ್ದರೆ ತನ್ನ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ರಾಜ್ಯ ದಾಟಬೇಕಿಲ್ಲ. ವ್ಯಾಪಾರಕ್ಕೆಂದು ಪಡೆದ ಸೇವೆ ಕಾಯ್ದೆಯ ಹೊರಗೆ ಬರುತ್ತದೆ. ಆದರೆ ಹೊಟ್ಟೆಪಾಡಿಗೆ ತಾನೇ ಸ್ಟೇರಿಂಗ್ ಹಿಡಿದು ಬಾಡಿಗೆ ಓಡಿಸುವವನು ಗ್ರಾಹಕನೇ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಬಹುದು.

ನಿಂತ ಗಾಡಿಯನ್ನು ಬೇರೆ ಗ್ಯಾರೇಜಿಗೆ ಒಯ್ಯುವುದಾದರೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಳೆಸಬೇಕು ಅಥವಾ ಲಾರಿಯ ಮೇಲೆ ಏರಿಸಬೇಕು. ಎಂಜಿನ್ ತಿರುಗಬಾರದು, ಅಷ್ಟೇ. ನ್ಯೂಟ್ರಲ್‌ನಲ್ಲಿ ಎಳೆಸುವಾಗ ಚಾವಿ ಗಾಡಿಯಲ್ಲೇ ಆನ್ ಸ್ಥಿತಿಯಲ್ಲಿರಲಿ, ಇಲ್ಲದಿದ್ದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಬ್ರೇಕ್ ಎಂದಿಗಿಂತ ಗಟ್ಟಿಯಾಗಿರುತ್ತದೆ, ಹಗ್ಗದ ಆ ತುದಿಯಲ್ಲಿರುವ ಚಾಲಕನಿಗೆ ಇದನ್ನು ಮುಂಚೆಯೇ ಹೇಳಿ. ಹೊಸ ಗ್ಯಾರೇಜಿನವರಿಗೆ ಬೆಲ್ಟ್ ಓಡುವಾಗ ಕಡಿಯಿತೋ, ಬದಲಿಸಿದ ಮೇಲೆ ತೊಂದರೆ ಬಂತೋ, ಎಷ್ಟು ಸಲ ಸೆಲ್ಫ್ ಹೊಡೆದಿರಿ, ದೂಡಿದ್ದಿರೋ ಇಲ್ಲವೋ ಎಂಬುದನ್ನು ಮುಚ್ಚಿಡದೆ ತಿಳಿಸಿದರೆ ಅವರ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.